ಇಬ್ಬರ ಪಾಲಿನ ದೀಪ

ಯಂತ್ರದ ಸದ್ದು ನಿಂತಿತು. ಹಿತ್ತಲಿನ ತಗಡಿನ ಕೆಳಗೆ ಒಲೆಯ ಮುಂದಿದ್ದ ಸುಮಂಗಲಾ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೆಯೇ ಬಿಟ್ಟು ಒಳಗೆ ಓಡಿದಳು. ಮೊದಲು ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರಿನ ಕೀಲಿ ತಿರುಗಿಸಿ, ಯಂತ್ರಕ್ಕಿದ್ದ ನಳಿಗೆಯನ್ನು ಕಿತ್ತು ಅದಕ್ಕೆ ಸೇರಿಸಿದಳು. ಗಂಡನ ಮೂಗಿನ ಹತ್ತಿರ ಗಾಳಿ ಬರುತ್ತಿದೆಯೇ ಎಂದು ಬೆರಳಿಟ್ಟು ನೋಡಿದಳು. ಆಮೇಲೆ ಬಾಗಿಲ ಪಕ್ಕದ ಸ್ಟೂಲು ಹತ್ತಿದಳು. ಅದನ್ನು ಅಲ್ಲಿಂದ ಎತ್ತಿಡುವುದನ್ನು ಆ ಮನೆಯವರು ಬಿಟ್ಟು ಬಹಳ ದಿನವಾಗಿತ್ತು.

ಬೋರ್ಡಿನಲ್ಲಿ ಸೇಫ್ಟಿ ಸ್ವಿಚ್ಚಿನ ಹಿಡಿ ಕೆಳಗೆ ಬಿದ್ದಿತ್ತು. ಮೇಲೆತ್ತಿದಳು, ಬಿತ್ತು. ಮತ್ತೆ ಎತ್ತಿದಳು, ಬಿತ್ತು.

ಗೋಡೆಯ ಆಚೆಯಿಂದ ಅತ್ತೆ ಶರಣಮ್ಮನ ದನಿ ಕೇಳಿಸಿತು. "ಮಷೀನ್ ನಿಂತಿತೇನವ್ವಾ? ಸುಮಂಗಲಾ, ನಿಂತಿತೇನು?"

ಸುಮಂಗಲಾ ಹಿಡಿಯ ಮೇಲೇ ಕೈ ಇಟ್ಟುಕೊಂಡಿದ್ದಳು. ಸ್ವಲ್ಪ ತಡೆದು ಮತ್ತೊಮ್ಮೆ ಎತ್ತಿದಾಗ ಹಿಡಿ ನಿಂತಿತು. ಯಂತ್ರ ಗುರ್ರೆಂದು ಶುರುವಾಯಿತು.

"ರೊಟ್ಟಿ ಹೊತ್ತಲಿಕ್ಕತ್ತದ," ಎಂದ ಅಂಬಾದಾಸ. ಅಷ್ಟು ಹೇಳುವುದರೊಳಗೆ ಅವನು ಒಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು.

"ಹೊತ್ಲಿ ಬಿಡ್ರಿ. ರೊಟ್ಟಿ ಮತ್ತೊಂದು ಬಡೀಬಹುದು."

ಅದು ೨೦೦೪ರ ಮಳೆಗಾಲ. ಅಂಬಾದಾಸನಿಗೆ ಆಗ ನಲವತ್ತು ದಾಟಿತ್ತು. ಪುಣೆಯ ಹತ್ತಿರ ಚಾಕಣದ ಕಡೆಯ ಒಂದು ಫೌಂಡ್ರಿಯಲ್ಲಿ, ಎರಕ ಹೊಯ್ದ ಕಬ್ಬಿಣಕ್ಕೆ ಅಂಟಿದ ಉಸುಕನ್ನು ಗ್ರೈಂಡರಿನಿಂದ ಉಜ್ಜಿ ತೆಗೆಯುವುದು ಅವನ ಕೆಲಸವಾಗಿತ್ತು. ಉಸುಕಿನ ಧೂಳು ಪುಪ್ಪುಸದಲ್ಲಿ ಕೂತು ಗಾಯ ಮಾಡಿದೆ, ಆ ಗಾಯ ಮಾಯುವುದಿಲ್ಲ, ಇದ್ದಷ್ಟನ್ನು ಕಾಯ್ದುಕೊಳ್ಳಬೇಕು ಎಂದು ಸರ್ಕಾರಿ ದವಾಖಾನೆಯ ಡಾಕ್ಟರು ಹೇಳಿದ್ದರು. ಕಾಯ್ದುಕೊಳ್ಳುವುದೆಂದರೆ ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಯಂತ್ರ. ಅದನ್ನು ಬಾಡಿಗೆಗೆ ತಂದಿದ್ದರು. ಮಂಚದ ಕಾಲಬಳಿ ಅದು ಹಗಲೂ ರಾತ್ರಿ ನಡೆಯಬೇಕಿತ್ತು. ಕರೆಂಟ್ ಹೋದರೆ ಕೂಗಿ ಹೇಳುವ ಅಲಾರಂ ಒಂದು ಅದರಲ್ಲಿತ್ತು, ಆದರೆ ಈ ಮನೆಗೆ ಬರುವ ಮೊದಲೇ ಕೆಟ್ಟಿತ್ತು. ಹಾಗಾಗಿ ಯಂತ್ರದ ಸದ್ದನ್ನೇ ಕೇಳಿಸಿಕೊಳ್ಳುತ್ತ ಇರುವುದನ್ನು ಸುಮಂಗಲಾ ಕಲಿತಳು. ಚಂದನನಗರದ ಖಾನಾವಳಿಗೆ ರೊಟ್ಟಿ ಬಡಿದು ಕೊಡುವಾಗ ಎರಡು ಬಡಿತಗಳ ನಡುವೆ ಅವಳ ಕಿವಿ ಒಳಗಿರುತ್ತಿತ್ತು.

ಸೇಫ್ಟಿ ಸ್ವಿಚ್ಚು ಮನೆಗೆ ಬಂದದ್ದೂ ಯಂತ್ರದಿಂದಲೇ. ಯಂತ್ರದ ಮೈ ಲೋಹದ್ದು, ಜೊತೆಗೆ ನೀರಿನ ಬಾಟಲಿ ಇರುತ್ತದೆ. ಸೇಫ್ಟಿ ಸ್ವಿಚ್ಚು ಇಲ್ಲದ ಮನೆಗೆ ಕೊಡುವುದಿಲ್ಲವೆಂದು ಬಾಡಿಗೆ ಕಂಪನಿಯವನು ಹೇಳಿದ್ದ. ಅಲ್ಲಿಯವರೆಗೆ ಆ ಮನೆಯಲ್ಲಿ ಇದ್ದದ್ದು ಬರೀ ಫ್ಯೂಜು. ವಿಮಾನ ನಗರದ ಆಫೀಸುಗಳಲ್ಲಿ ವೈರಿಂಗ್ ಮಾಡುವ ಆಳಂದದ ಕಡೆಯ ದೇವಾನಂದ ಬಂದು ಸ್ವಿಚ್ಚು ಕೂರಿಸಿದ. ಯಂತ್ರವೂ ಅದೇ ದಿನ ಬಂತು. ಅದೇ ಸಂಜೆ ಸ್ವಿಚ್ಚು ಮೊದಲ ಸಲ ಬಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ತಪ್ಪದೆ ಬೀಳುತ್ತಿತ್ತು. ಉಳಿದಂತೆ ಯಾವಾಗ ಬೀಳುತ್ತದೆಂದು ಹೇಳುವಂತಿರಲಿಲ್ಲ. ಒಂದನ್ನು ಮಾತ್ರ ಸುಮಂಗಲಾ ಗಮನಿಸಿದ್ದಳು. ಅಂಬಾದಾಸನಿಗೆ ಕೆಮ್ಮು ಹತ್ತಿತೆಂದರೆ ಬಹುತೇಕ ಅದರ ಹಿಂದೆಯೇ ಸ್ವಿಚ್ಚು ಬೀಳುತ್ತಿತ್ತು.

ದೇವಾನಂದನಿಗೆ ಅದನ್ನು ಹೇಳಿದಾಗ ಅವನು ನಕ್ಕ. "ವೈನಿ, ಕೆಮ್ಮು ತಂತ್ಯಾಗ ಹರೀತದೇನ್ರಿ? ಹಂಗಿದ್ರ ನಮ್ಮ ಮುತ್ಯಾ ಒಬ್ಬನೇ ಅರ್ಧಾ ಪುಣೆ ಕತ್ತಲಾ ಮಾಡ್ತಿದ್ದ."

"ನಗಬ್ಯಾಡ್ರಿ. ಖರೇನೇ ಹೇಳ್ಲಿಕ್ಕತ್ತೀನಿ."

ಅವನು ನಗು ನಿಲ್ಲಿಸಿ ಫ್ಯಾನು, ಟಿವಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಂದೊಂದಾಗಿ ಬೇರ್ಪಡಿಸಿ ನೋಡಿದ. ಬಚ್ಚಲಿನ ಬಲ್ಬಿನ ಹೋಲ್ಡರು ಬಿಚ್ಚಿ ನೋಡಿದ. ಅವನಿದ್ದಷ್ಟು ಹೊತ್ತು ಸ್ವಿಚ್ಚು ಬೀಳಲಿಲ್ಲ.

"ನನ್ನ ಕಂಡ್ರ ಅದಕ್ಕ ಹೆದರಿಕಿ. ನಾ ಹೊಂಟೆ ಅಂದ್ರ ಬೀಳ್ತದ ನೋಡ್ರಿ."

ಹಾಗೆಯೇ ಆಯಿತು. ಸ್ವಿಚ್ಚೇ ಕೆಟ್ಟಿರಬಹುದೆಂದು ಮರುವಾರ ಬೇರೆ ಸ್ವಿಚ್ಚು ತಂದು ಹಾಕಿದ. ಅದೂ ಬಿತ್ತು.

"ಒಂದು ಕೆಲಸ ಮಾಡ್ತೀನಿ," ಎಂದ ದೇವಾನಂದ, ದನಿ ತಗ್ಗಿಸಿ. "ಸ್ವಿಚ್ಚು ಇದ್ದಲ್ಲೇ ಇರ್ಲಿ, ನೋಡೋರಿಗೆ. ಒಳಗಿಂದೊಳಗ ತಂತಿ ಡೈರೆಕ್ಟ್ ಜೋಡಿಸಿ ಬಿಡ್ತೀನಿ. ಬೀಳೂ ಮಾತೇ ಇಲ್ಲ."

ಸುಮಂಗಲಾ ಗಂಡನ ಕಡೆ ನೋಡಿದಳು. ಅಂಬಾದಾಸ ಅಡ್ಡಡ್ಡ ತಲೆಯಾಡಿಸಿದ. ಕಂಪನಿಯವನು ಯಂತ್ರದ ಗಾಳಿ ಸೋಸುವ ಜಾಳಿಗೆ ಬದಲಿಸಲು ಬಂದಾಗಲೆಲ್ಲ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿ ನೋಡುತ್ತಿದ್ದ. ಬೀಳಲಿಲ್ಲವೆಂದರೆ ಯಂತ್ರ ಎತ್ತಿಕೊಂಡು ಹೋಗುತ್ತಾನೆ. ಆಗ ಉಳಿಯುವುದು ಸಿಲಿಂಡರು, ಅದು ಒಂದು ಹೊತ್ತಿಗೂ ಸಾಲುವುದಿಲ್ಲ.

"ಎಲ್ಲಿ ತಪ್ಪ್ಯದ ಅಂತ ಹುಡುಕ್ರಿ," ಎಂದಳು ಸುಮಂಗಲಾ. "ಅದೊಂದು ಮಾಡ್ರಿ ಸಾಕು."

ಆ ಮನೆ ಮೊದಲು ಒಂದೇ ಆಗಿತ್ತು. ಅಂಬಾದಾಸನ ತಂದೆ ಗೌಂಡಿ. ಊರು ಬಿಟ್ಟು ಬಂದು, ವಡಗಾಂವ ಶೇರಿಯಲ್ಲಿ ತುಂಡು ಜಾಗ ಹಿಡಿದು ತಾನೇ ಕಟ್ಟಿದ್ದ. ಅವನು ಸತ್ತ ಮೇಲೆ, ನಳದ ನೀರಿನ ಸಲುವಾಗಿ ಇಬ್ಬರು ಸೊಸೆಯಂದಿರಿಗೆ ಬಿದ್ದ ಜಗಳ ದೊಡ್ಡದಾಗಿ, ೧೯೯೬ರಲ್ಲಿ ನಡುವೆ ನಾಲ್ಕಿಂಚಿನ ಗೋಡೆ ಎದ್ದಿತು. ಒಂದು ಕಡೆ ಹಿರಿಯ ಲಾಲಪ್ಪ ಮತ್ತು ಅವನ ಹೆಂಡತಿ ಸಾವಿತ್ರಿಬಾಯಿ. ಇನ್ನೊಂದು ಕಡೆ ಅಂಬಾದಾಸ ಮತ್ತು ಸುಮಂಗಲಾ. ಮೀಟರು ಬೇರೆಯಾಯಿತು. ತಾಯಿ ಶರಣಮ್ಮ ಹಿರಿಯನ ಪಾಲಿಗೆ ಬಂದ ಸಣ್ಣ ಕೋಣೆಯಲ್ಲಿ ಉಳಿದಳು. ತುಳಜಾಪುರದ ಅಂಬಾಭವಾನಿ, ಖಂಡೋಬ, ಸತ್ತ ಹಿರಿಯರ ಹೆಸರಿನ ಬೆಳ್ಳಿಯ ತಗಡು, ಎಲ್ಲವೂ ಅವಳ ಜೊತೆಗೆ ಆ ಕೋಣೆಯ ದೇವರ ಜಗಲಿಯಲ್ಲಿ ಉಳಿದವು. ತಾಯಿ ಇರುವವರೆಗೆ ದೇವರನ್ನು ಪಾಲು ಮಾಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಕಣ್ಣಿಗೆ ಪೊರೆ ಬಂದು, ಎಣ್ಣೆಯ ದೀಪದಿಂದ ಒಮ್ಮೆ ಸೆರಗಿಗೆ ಬೆಂಕಿ ಹತ್ತಿದ ಮೇಲೆ ಅವಳು ಜಗಲಿಗೆ ಕೆಂಪು ಝೀರೋ ಬಲ್ಬು ಹಾಕಿಸಿಕೊಂಡಿದ್ದಳು. ಆ ದೀಪದಲ್ಲಿ ಇಬ್ಬರು ಮಕ್ಕಳ ಪಾಲೂ ಇರಬೇಕು ಎಂದು ಗೋಡೆ ಏಳುವಾಗಲೇ ಹೇಳಿದ್ದಳು. ಮುದುಕಿಯ ಮಾತೆಂದು ಮಕ್ಕಳು ಹೂಂ ಅಂದಿದ್ದರು.

ಗೋಡೆ ಎದ್ದ ಮೇಲೂ ಅಣ್ಣ ತಮ್ಮಂದಿರು ಮಾತಾಡುತ್ತಿದ್ದರು. ಮಾತು ನಿಂತದ್ದು ರೋಗದ ಹೆಸರು ಗೊತ್ತಾದ ದಿನ. ಫೌಂಡ್ರಿಗೆ ಕೂಲಿಗಳನ್ನು ಸೇರಿಸುವ ಮುಕಾದಮನಾಗಿದ್ದ ಲಾಲಪ್ಪನೇ ತಮ್ಮನನ್ನು ಅಲ್ಲಿಗೆ ಸೇರಿಸಿದ್ದ. "ನೀವು ಆ ಧೂಳಿನ್ಯಾಗ ಹಾಕಿದ್ರಿ, ಭಾವಾ. ಇನ್ನ ಈ ಹೊಸ್ತಿಲಾ ದಾಟಬ್ಯಾಡ್ರಿ," ಎಂದು ಸುಮಂಗಲಾ ಓಣಿಯ ನಡುವೆ ನಿಂತು ಹೇಳಿದ್ದಳು. ಅವನು ದಾಟಿರಲಿಲ್ಲ.

ಒಂದು ಬೆಳಿಗ್ಗೆ ಲೋಡ್ ಶೆಡ್ಡಿಂಗಿನಲ್ಲಿ ಸಿಲಿಂಡರು ಖಾಲಿಯಾಯಿತು. ಕರೆಂಟ್ ಬಂದು ಯಂತ್ರ ನಡೆಯತೊಡಗಿದ ಮೇಲೆ, ತುಂಬಿದ ಸಿಲಿಂಡರು ಮಧ್ಯಾಹ್ನ ಬರುತ್ತದೆಂದು ಸುಮಂಗಲಾ ನಳಕ್ಕೆ ಹೋದಳು. ಕೊಡ ಹೊತ್ತು ಓಣಿಯ ತಿರುವಿಗೆ ಬಂದಾಗ ಸದ್ದು ಕೇಳಿಸಲಿಲ್ಲ. ಕೊಡವನ್ನು ಅಲ್ಲೇ ಇಳಿಸಿ ಓಡಿದಳು.

ಕರೆಯಲೆಂದು ಬಡಿಯಲು ಇಟ್ಟಿದ್ದ ಸ್ಟೀಲಿನ ತಾಟು ನೆಲಕ್ಕೆ ಬಿದ್ದಿತ್ತು. ಅಂಬಾದಾಸ ಮಂಚದ ಅಂಚಿಗೆ ಬಾಗಿ ಕುಳಿತು ಎರಡೂ ಕೈಗಳನ್ನು ಮೊಣಕಾಲಿಗೆ ಊರಿದ್ದ. ತುಟಿಗಳು ನೀಲಿಯಾಗಿದ್ದವು. ಅವಳು ಸ್ಟೂಲು ಹತ್ತಿ ಹಿಡಿ ಎತ್ತಿದಳು. ನಿಲ್ಲಲಿಲ್ಲ. ಎತ್ತುತ್ತಲೇ ಇದ್ದಳು. ಎತ್ತಿದಾಗೊಮ್ಮೆ ಯಂತ್ರ ಒಂದು ಚಣ ಗುರ್ರೆಂದು ನಿಲ್ಲುತ್ತಿತ್ತು. ಗೋಡೆಯ ಆಚೆ ಶರಣಮ್ಮ ಅವಸರವಾಗಿ ದೇವರ ಹೆಸರು ಹೇಳುತ್ತಿದ್ದುದು ಕೇಳುತ್ತಿತ್ತು.

"ಅಲ್ಲೇ ಕುಂತು ಹೆಸರು ತೊಗೋರಿ," ಎಂದಳು ಸುಮಂಗಲಾ ಹಲ್ಲು ಕಚ್ಚಿ. "ಎದ್ದು ಬರಬ್ಯಾಡ್ರಿ."

ಕೊನೆಗೆ ಹಿಡಿ ನಿಂತಿತು. ತುಟಿಯ ಬಣ್ಣ ಮರಳಿ ಬರಲು ಬಹಳ ಹೊತ್ತು ಹಿಡಿಯಿತು. ಅವಳು ಅಂದೇ ದೇವಾನಂದನ ಮನೆಗೆ ಹೋಗಿ ಕೂತಳು. ಅವನು ಆಫೀಸಿನ ಕೆಲಸ ಅರ್ಧಕ್ಕೆ ಬಿಟ್ಟು ಮರುದಿನ ಬಂದ.

ಈ ಸಲ ಅವನು ತಮಾಷೆ ಮಾಡಲಿಲ್ಲ. ತುಂಬಿದ ಸಿಲಿಂಡರಿಗೆ ನಳಿಗೆ ಹಚ್ಚಿಸಿ, ಮನೆಯ ಕರೆಂಟನ್ನು ಪೂರ್ತಿ ಬಂದ್ ಮಾಡಿದ. ಯಂತ್ರ, ಫ್ಯಾನು, ಬಲ್ಬು ಒಂದನ್ನೂ ತಂತಿಗೆ ಹಚ್ಚಿರಲಿಲ್ಲ. ತಂತಿಗಳು ಗೋಡೆಯೊಳಗೆ ಹೋಗುವ ಕಡೆ ಗಿಲಾವು ಕೆರೆದು ನೋಡತೊಡಗಿದ. ಮುಖಕ್ಕೆ ಬಟ್ಟೆ ಹಿಡಿದಿದ್ದರೂ ಅಂಬಾದಾಸನಿಗೆ ಧೂಳು ತಾಗಿ ಕೆಮ್ಮು ಹತ್ತಿತು. ಅವನು ಕೆಮ್ಮುತ್ತಿದ್ದಂತೆಯೇ ದೇವಾನಂದ ಬೋರ್ಡಿನ ತಂತಿಗೆ ಟೆಸ್ಟರ್ ಇಟ್ಟ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಬೆಳಕು ಹತ್ತಿತು.

ಅವನು ಕೈ ಹಿಂದೆ ತೆಗೆದು ಸ್ವಿಚ್ಚು ನೋಡಿದ. ಹಿಡಿ ಕೆಳಗೇ ಇತ್ತು. ಮತ್ತೆ ಇಟ್ಟ. ಮತ್ತೆ ಹತ್ತಿತು.

"ವೈನಿ, ಇಲ್ಲಿ ಬರ್ರಿ. ನಿಮ್ಮ ಮನಿ ಕರೆಂಟ್ ಬಂದ್ ಅದ, ಹೌದಿಲ್ಲ? ಇದು ಮರಳಿ ಹೋಗೂ ತಂತಿ. ಬಂದ್ ಇದ್ದಾಗ ಇದರಾಗ ಏನೂ ಇರಬಾರ್ದು. ಅದ."

"ಅಂದ್ರ?"

"ಒಂದು ತಂತ್ಯಾಗ ಕರೆಂಟ್ ಮನಿಯೊಳಗ ಬರ್ತದ, ಇನ್ನೊಂದರಾಗ ಮರಳಿ ಹೋಗ್ತದ. ಬಂದಷ್ಟೇ ಹೋಯ್ತೋ ಇಲ್ಲೋ ಅಂತ ಈ ಸ್ವಿಚ್ಚು ನೋಡ್ಕೋತ ಕುಂತಿರ್ತದ. ಚೂರು ಹೆಚ್ಚು ಕಮ್ಮಿ ಆದ್ರೂ ಬೀಳ್ತದ. ನಾನು ಇಷ್ಟು ದಿನ ನಿಮ್ಮ ಕರೆಂಟ್ ಎಲ್ಲಿ ಸೋರ್ತದ ಅಂತ ಹುಡುಕಿದೆ. ಸೋರಂಗಿಲ್ರಿ ಅದು. ಬ್ಯಾರೇದವರ ಕರೆಂಟ್ ನಿಮ್ಮ ತಂತ್ಯಾಗ ಹಾದು ಹೊಂಟದ."

ಸುಮಂಗಲಾ ನಡುವಿನ ಗೋಡೆಯನ್ನು ನೋಡಿದಳು. ಅಂಬಾದಾಸ ಏನೋ ಹೇಳಲು ಕೈ ಎತ್ತಿದ, ಕೆಮ್ಮು ಬಿಡಲಿಲ್ಲ. ಅಷ್ಟರಲ್ಲಿ ಅವಳು ಹೊರಗೆ ಹೋಗಿದ್ದಳು.

ಲಾಲಪ್ಪ ಅಂಗಳದಲ್ಲಿ ಚಪ್ಪಲಿ ಹೊಲಿದುಕೊಳ್ಳುತ್ತಿದ್ದ.

"ತಮ್ಮನ ಜೀವಾ ತೊಗೊಂಡ್ರಿ, ಸಾಲಲಿಲ್ಲೇನು? ಕರೆಂಟೂ ಬೇಕಾ ನಿಮಗ?"

"ಏನು ಕರೆಂಟು? ಯಾವ ಕರೆಂಟು?"

"ತಂತಿ ಜೋಡಿಸಿ ಇಟ್ಟೀರಿ. ದೇವಾನಂದ ಹಿಡದಾನ."

"ಏ ತಂಗಿ, ನನ್ನ ಮೀಟರ್ ನಂದು. ಬೇಕಾದ್ರ ಮನಿ ತುಂಬಾ ಹುಡುಕು." ಲಾಲಪ್ಪ ಎದ್ದು ದಾರಿ ಬಿಟ್ಟ. "ನಿನಗ ನನ್ನ ಹೊಸ್ತಿಲಾ ದಾಟಬ್ಯಾಡ ಅಂತ ನಾ ಎಂದೂ ಅಂದಿಲ್ಲ."

ದೇವಾನಂದ ಅವಳ ಹಿಂದೆ ಬಂದಿದ್ದ. ಅವನು ಲಾಲಪ್ಪನ ಬೋರ್ಡು ನೋಡಿದ, ಅಲ್ಲಿಂದ ಹೊರಟ ತಂತಿಗಳ ಹಿಂದೆ ಹೋದ. ಒಂದು ತಂತಿ ತಾಯಿಯ ಕೋಣೆಗೆ ಹೋಗಿತ್ತು.

ಶರಣಮ್ಮ ಜಗಲಿಯ ಮುಂದೆ ಕುಳಿತಿದ್ದಳು. ಒಂದು ಕೈ ಗೋಡೆಯ ಗುಂಡಿಯ ಮೇಲಿತ್ತು. ಹಗಲಾದರೂ ಕೋಣೆ ಮಬ್ಬಾಗಿತ್ತು, ಕೆಂಪು ಬಲ್ಬು ಹತ್ತಿರಲಿಲ್ಲ. ಬಂದವರು ಯಾರೆಂದು ಅವಳು ದನಿಯಿಂದಲೇ ತಿಳಿದಳು.

"ಸುಮಂಗಲಾ ಬಂದೇನು? ಈಗ ಅಂವ ಭಾಳ ಕೆಮ್ಮಿದ, ಹೌದಿಲ್ಲ? ನಾ ಕೇಳ್ದೆ. ಹಚ್ಚಲಿಕ್ಕತ್ತೀನಿ, ಹತ್ತವೊಲ್ದು."

"ಏನು ಹತ್ತವೊಲ್ದು, ಅತ್ತಿ?"

"ದೀಪ, ಯವ್ವಾ." ಅವಳು ಗುಂಡಿಯನ್ನು ಒತ್ತಿದಳು, ತೆಗೆದಳು, ಮತ್ತೆ ಒತ್ತಿದಳು. "ಆ ಮಷೀನ್ ಬಂದ ದಿನದಿಂದ ಹಿಂಗ. ಇಷ್ಟು ವರ್ಷ ಚಂದಾಗಿ ಹತ್ತತಿತ್ತು. ಈಗ ಹಚ್ಚಿದ್ರ ಕಣ್ಣು ಮಿಟುಕಿಸಿದಂಗ ಮಾಡಿ ಆರ್ತದ. ಅದು ಆರಿದ್ದೇ ತಡ, ಅಲ್ಲಿ ಅವನ ಮಷೀನ್ ನಿಲ್ತದ. ನಾ ಗ್ವಾಡಿಗೆ ಕಿವಿ ಇಟ್ಟು ಕೇಳೀನಿ. ಅದಕ್ಕ ಅಂವ ಕೆಮ್ಮಿದಾಗೊಮ್ಮೆ ಬಿಡದ ಹಚ್ತೀನಿ. ಇದು ಆರದಂಗ ನಿಂತ್ರ ಅವನ ಉಸಿರೂ ಉಳೀತದ ಅಂತ. ನಿನ್ನಿ ಎಷ್ಟು ಸಲ ಹಚ್ಚಿದೆ. ಯಾರಿಗೆ ಹೇಳ್ಲಿ ಇದನ್ನ? ದೇವರು ಒಲ್ಲೆ ಅಂತಾನ ಅಂತ ಹೇಳ್ಲೇನು?"

ದೇವಾನಂದ ಜಗಲಿಯ ಮೇಲೆ ಟಾರ್ಚು ಬಿಟ್ಟ. ಬಲ್ಬಿನ ಹೋಲ್ಡರಿನಿಂದ ಎರಡು ತಂತಿ ಹೊರಟಿದ್ದವು. ಒಂದು ಗುಂಡಿಯ ಮೂಲಕ ಲಾಲಪ್ಪನ ಬೋರ್ಡಿನ ಕಡೆ. ಇನ್ನೊಂದು ನೇರ ನಡುವಿನ ಗೋಡೆಯ ತೂತಿನೊಳಗೆ.

"ಈ ವೈರಿಂಗ್ ಯಾರು ಮಾಡಿದ್ರವ್ವಾ?"

"ನಮ್ಮೂರ ರಾಘಣ್ಣ. ಈಗಿಲ್ಲ ಅಂವ, ತೀರ್ಕೊಂಡ. ದೀಪ ಇಬ್ಬರು ಮಕ್ಕಳ ಕರೆಂಟಿಲೆ ಹತ್ತಬೇಕಪ್ಪಾ ಅಂತ ನಾನೇ ಹೇಳಿದ್ದೆ. ಒಂದು ತಂತಿ ಹಿರ್ಯಾನ ಮನಿಂದ ತಂದ, ಒಂದು ಸಣ್ಣಾನ ಮನಿಂದ. ಗ್ವಾಡಿ ಎದ್ರೂ ದೇವರ ಮುಂದ ಇಬ್ಬರೂ ಕೂಡೇ ಇರ್ತಾರ ಅಂತ."

ಫ್ಯೂಜು ಮಾತ್ರ ಇದ್ದ ಕಾಲದಲ್ಲಿ ಅದರಿಂದ ಏನೂ ಆಗುವಂತಿರಲಿಲ್ಲ. ಲಾಲಪ್ಪನ ಮನೆಯಿಂದ ಬಂದ ಕರೆಂಟು ಬಲ್ಬು ಬೆಳಗಿಸಿ ಅಂಬಾದಾಸನ ಮನೆಯ ತಂತಿಯಲ್ಲಿ ಮರಳಿ ಹೋಗುತ್ತಿತ್ತು. ಎಂಟು ವರ್ಷ ಹಾಗೆ ಹತ್ತಿದ ದೀಪ ಅದು. ಸೇಫ್ಟಿ ಸ್ವಿಚ್ಚು ಬಂದ ದಿನದಿಂದ, ತನ್ನದಲ್ಲದ ಕರೆಂಟು ತನ್ನ ತಂತಿಯಲ್ಲಿ ಹರಿದ ಕೂಡಲೇ ಅದು ಬೀಳತೊಡಗಿತು. ಬಿದ್ದಾಗ ಎರಡೂ ತಂತಿಗಳನ್ನು ಕಡಿಯುತ್ತಿತ್ತು. ಈಚೆ ಯಂತ್ರ ನಿಲ್ಲುತ್ತಿತ್ತು, ಆಚೆ ದೀಪ ಆರುತ್ತಿತ್ತು. ಗುಂಡಿ ಒತ್ತಿದಂತೆಯೇ ಇದ್ದಷ್ಟು ಹೊತ್ತು ಹಿಡಿ ನಿಲ್ಲುವ ಸಾಧ್ಯತೆಯೇ ಇರಲಿಲ್ಲ.

"ಅವ್ವಾ," ಎಂದ ದೇವಾನಂದ, "ನೀವು ಇದನ್ನ ಒತ್ತಿದಾಗೊಮ್ಮೆ ಆ ಕಡಿ..."

"ಹೋಲ್ಡರ್ ಸಡ್ಲಾಗ್ಯದಂತ್ರಿ, ಅತ್ತಿ," ಎಂದಳು ಸುಮಂಗಲಾ. "ದೇವರದೇನೂ ಇಲ್ಲ. ಹೋಲ್ಡರಿಂದು."

ದೇವಾನಂದ ಟಾರ್ಚು ಆರಿಸಿದ. ಬಾಗಿಲಲ್ಲಿ ನಿಂತಿದ್ದ ಲಾಲಪ್ಪ ತಾಯಿಯನ್ನು ನೋಡಿದ, ಗೋಡೆಯ ತೂತನ್ನು ನೋಡಿದ. ಅವನಿಗೆ ಅರ್ಥವಾಗಿತ್ತು. ಹೋಗಿ ಏಣಿ ತಂದು, ದೇವಾನಂದ ಹತ್ತುವಾಗ ಗಟ್ಟಿಯಾಗಿ ಹಿಡಿದುಕೊಂಡ.

ಗೋಡೆಯೊಳಗೆ ಹೋಗುವ ತಂತಿಯನ್ನು ಕತ್ತರಿಸಿ, ಎರಡನ್ನೂ ಲಾಲಪ್ಪನ ಮನೆಯಿಂದಲೇ ಎಳೆದದ್ದಾಯಿತು. ಕತ್ತರಿಯ ಸದ್ದು ಶರಣಮ್ಮನಿಗೆ ಕೇಳಿಸಿತು.

"ಆ ಕಡಿದ್ಯಾಕ ಕತ್ತರಿಸಿದಿ, ತಮ್ಮಾ?"

"ಹಳೇದಾಗಿತ್ರಿ. ಹೊಸಾದು ಹಾಕೀನಿ."

"ಇಬ್ಬರದೂ ಬರ್ತದಿಲ್ಲ?"

ದೇವಾನಂದ ಲಾಲಪ್ಪನ ಮುಖ ನೋಡಿದ.

"ಬರ್ತದವ್ವಾ," ಎಂದ ಲಾಲಪ್ಪ. "ಇಬ್ಬರದೂ ಬರ್ತದ."

ಅವಳು ಗುಂಡಿ ಒತ್ತಿದಳು. ಬಲ್ಬು ಹತ್ತಿ ನಿಂತಿತು. ಪೊರೆಗಟ್ಟಿದ ಕಣ್ಣಿಗೆ ಅದರ ಕೆಂಪು ಎಷ್ಟು ಕಂಡಿತೋ ತಿಳಿಯದು, ಅವಳು ಅಂಗೈಯನ್ನು ಹತ್ತಿರ ಒಯ್ದು ಬಿಸಿ ನೋಡಿದಳು. "ನಿಂತದ," ಎಂದಳು. "ಇನ್ನ ಅಂವ ಎದ್ದು ಕುಂದರ್ತಾನ. ನೋಡ್ಕೋತ ಇರ್ರಿ."

ಸುಮಂಗಲಾ ಮನೆಗೆ ಬಂದಳು. ದೇವಾನಂದ ಹಿಡಿ ಎತ್ತಿಟ್ಟು ಹೋದ ಮೇಲೆ ಅಂಬಾದಾಸ ಕೇಳಿದ, "ದೀಪದ್ದೇನು?"

"ನಿಮಗ ಗೊತ್ತಿತ್ತೇನು?"

"ಈಗ ನೆನಪಾತು. ಹೇಳ್ಬೇಕಂದ್ರ... ನೀ ಹೋಗಿಬಿಟ್ಟಿ." ಅವನು ಉಸಿರಿಗಾಗಿ ನಿಂತ. "ಅವ್ವಗ ಹೇಳಿದ್ಯಾ?"

"ಇಲ್ಲ."

"ಹೇಳಬ್ಯಾಡ."

ಅಲ್ಲಿಂದ ಮುಂದೆ ಸ್ವಿಚ್ಚು ಬೀಳಲಿಲ್ಲ. ಸ್ಟೂಲು ಹಿತ್ತಲಿಗೆ ಹೋಯಿತು. ಲಾಲಪ್ಪ ದಿನಾ ಸಂಜೆ ಬಂದು ಮಂಚದ ಪಕ್ಕ ಕೂರತೊಡಗಿದ. ಸುಮಂಗಲಾ ಅವನಿಗೆ ಚಹಾ ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಯಂತ್ರ ತಡೆಯಿಲ್ಲದೆ ನಡೆಯಿತು. ಅಂಬಾದಾಸ ಮಾತ್ರ ಇಳಿಯುತ್ತಲೇ ಹೋದ. ಮೊದಲು ಬಚ್ಚಲಿಗೆ ನಡೆಯುವುದು ನಿಂತಿತು, ಆಮೇಲೆ ಒರಗದೆ ಕೂರುವುದು. ಸ್ವಿಚ್ಚು ಬೀಳುತ್ತಿದ್ದ ದಿನಗಳಲ್ಲಿ ಆದ ಕೆಡುಕು ಎಷ್ಟು ಎಂದು ಅವಳು ಒಮ್ಮೆ ಡಾಕ್ಟರನ್ನು ಕೇಳಿದಳು. ಅದನ್ನು ಹೇಳಲು ಬರುವುದಿಲ್ಲ ಎಂದರು ಅವರು. ಆಗಿಲ್ಲ ಎಂದೂ ಹೇಳಲಿಲ್ಲ.

ದಸರೆ ಮುಗಿದ ಮೇಲಿನ ಒಂದು ಮಧ್ಯಾಹ್ನ ಅವನು ತೀರಿಕೊಂಡ. ಸುಮಂಗಲಾ ಪಕ್ಕದಲ್ಲಿದ್ದಳು. ಓಣಿಯ ಡಾಕ್ಟರನ್ನು ಕರೆತಂದ ಲಾಲಪ್ಪ ಗೋಡೆಗೆ ಆತು ನಿಂತಿದ್ದ. ಡಾಕ್ಟರು ನಾಡಿ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಮೂಗಿನ ನಳಿಗೆ ತೆಗೆದರು. ಆಮೇಲೆ ಬಗ್ಗಿ ಯಂತ್ರದ ಗುಂಡಿ ಆರಿಸಿದರು.

ಕೋಣೆ ನಿಶ್ಶಬ್ದವಾಯಿತು. ಸುಮಂಗಲಾ ಅಭ್ಯಾಸದಂತೆ ಬೋರ್ಡಿನ ಕಡೆ ನೋಡಿದಳು. ಹಿಡಿ ಮೇಲೆಯೇ ಇತ್ತು.

ಗೋಡೆಯ ಆಚೆಯಿಂದ ಶರಣಮ್ಮ ಕೂಗಿದಳು. "ಸುಮಂಗಲಾ, ಮಷೀನ್ ನಿಂತದ ನೋಡವ್ವಾ. ಸ್ವಿಚ್ಚು ಎತ್ತು."

ಲಾಲಪ್ಪ ಹೊರಡಲು ಸರಿದ. ಸುಮಂಗಲಾ ಬೇಡವೆಂದು ಕೈ ಮಾಡಿ ತಾನೇ ಎದ್ದಳು. ಅವಳು ಹೊಸ್ತಿಲು ದಾಟುವಾಗ ಆ ದನಿ ಮತ್ತೆ ಕೇಳಿಸಿತು.

"ದೀಪ ಇಲ್ಲಿ ಹತ್ತೇ ಅದಲ್ಲಾ. ಮತ್ತ ಅದ್ಯಾಕ ನಿಂತಿತು?"